ನಮ್ಮ ತೋಟದ ಮುಧೋಳ ನಾಯಿ
ಬಾಗಲಕೋಟೆಯ ಬಯಲಲ್ಲಿ ಮೊಲದ ಬೆನ್ನಟ್ಟಿ ಬೆಳೆದ ತಳಿ ಮುಧೋಳ. 2005ರಲ್ಲಿ ಅಂಚೆ ಚೀಟಿಯಲ್ಲೂ ಕಾಣಿಸಿಕೊಂಡ ಈ ಓಟಗಾರನಿಗೆ ನಮ್ಮ ಪುತ್ತೂರು, ಸುಳ್ಯ, ಕಡಬದ ಮಳೆ ಸುಲಭದ್ದಲ್ಲ. ಅಡಿಕೆ ತೋಟ ಸುತ್ತಿ ಬಂದರೆ ಕಿವಿಯ ಮಡಿಕೆ, ಬೆರಳ ಸಂದು ಬಿಡಿಸಿ ಉಣ್ಣಿ ಹುಡುಕಲೇಬೇಕು. ನಮ್ಮ ನಾಯಿಗೆ ಉಣ್ಣಿಜ್ವರ ಬಂದಾಗ ಅದು ಊಟ ಬಿಟ್ಟಿತು, ಒಸಡು ಬಿಳಿಚಿತು. ವಾರಗಟ್ಟಲೆ ಡಾಕ್ಸಿಸೈಕ್ಲಿನ್, ಸ್ವಲ್ಪಸ್ವಲ್ಪವೇ ಕುಚ್ಚಲಕ್ಕಿ ಗಂಜಿ. ಎಂಥ ಸಹನೆ ಅದರದು! ಸೂಜಿ ಚುಚ್ಚುವಾಗ ನೀಳ ಮೂತಿಯನ್ನು ನನ್ನ ಕಂಕುಳಿಗೆ ಒತ್ತಿ ನಿಲ್ಲುತ್ತದೆ, ಅಲುಗುವುದಿಲ್ಲ. ಮೈಯಲ್ಲಿ ಕೊಬ್ಬು ತೀರಾ ಕಡಿಮೆ, ಬರಿನೆಲದಲ್ಲಿ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ. ಅದಕ್ಕೇ ಗೋಣಿಯ ಮೇಲೆ ಕಂಬಳಿ ಹಾಸುತ್ತೇನೆ. ಮುಧೋಳದಂಥ ಗ್ರೇಹೌಂಡ್ ಬಗೆಯ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದುಗಳ ಅಮಲು ಬೇಗ ಇಳಿಯದು. ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರಿಗೆ ತಳಿ ಯಾವುದೆಂದು ಹೇಳಿಬಿಡಿ.