ದೂರದರ್ಶನದ ಪಾಕಪ್ರದರ್ಶನ: ಭೋಗವೇ, ವಿನೋದವೇ?

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನವನ್ನು ಉಪಭೋಗಗಳಲ್ಲಿಯೂ ಮಲ್ಲಯುದ್ಧಾದಿಗಳನ್ನು ವಿನೋದಗಳಲ್ಲಿಯೂ ಪರಿಗಣಿಸಿರುವನು. ಸ್ಟಾರ್ ಸುವರ್ಣ ವಾಹಿನಿಯಲ್ಲಿ ಸಿಹಿಕಹಿ ಚಂದ್ರು ಅವರು ನಡೆಯಿಸಿದ ‘ಬೊಂಬಾಟ್ ಭೋಜನ’ದಂತಹ ಕಾರ್ಯಕ್ರಮಗಳಲ್ಲಿ ಅನ್ನವೇ ವಿನೋದವಾಗಿದೆ. ಪ್ರೇಕ್ಷಕನಿಗೆ ರುಚಿಯೂ ಗಂಧವೂ ದೊರೆಯವು. ನಿರೂಪಕರ ಮಾತೂ ಮುಖಭಾವವೂ ಅವುಗಳ ಸ್ಥಾನದಲ್ಲಿ ನಿಲ್ಲುವುವು. ಪ್ರೇಕ್ಷಕನು ಪರೀಕ್ಷಿಸಲಾರದ ಆ ಹೊಗಳಿಕೆಯು ಪ್ರಮಾಣವಾಗಲಾರದು; ಪಾಕಕ್ರಮದ ಸ್ಪಷ್ಟತೆಯಿಂದಲೇ ಇಂತಹ ಪ್ರದರ್ಶನದ ಗುಣವನ್ನು ಅಳೆಯತಕ್ಕದ್ದು.

ರಾಯಚೂರು ಜಿಲ್ಲೆಯ ಅರಕೇರಾದ ಕಡೆಯ ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳೋಣ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ. ಬಿಸಿನೀರು ಬೆರಸಿ ಚೆನ್ನಾಗಿ ನಾದಿದರೆ ಬಿರಿಯದೆ ತಟ್ಟಲು ಬರುವುದು. ಈ ನಾದುವಿಕೆಯನ್ನು ಕತ್ತರಿಸಿ ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಮಾತ್ರ ತೋರಿಸಿದರೆ ಕಣ್ಣಿಗೆ ವಿನೋದವುಂಟು, ಕೈಗೆ ವಿದ್ಯೆಯಿಲ್ಲ. ವಿನೋದವು ದೋಷವಲ್ಲ, ವಿದ್ಯೆಯನ್ನು ಮರೆಯಿಸುವ ವಿನೋದವೇ ದೋಷವು.