ಒದ್ದೆ ಕೀಲ್‌ಗೆ ಎಪಾಕ್ಸಿ ಮದ್ದಲ್ಲ

ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯ ಕೀಲ್‌ನಲ್ಲಿ ನೀರು ಸೇರಿಕೊಂಡಿದೆ ಎಂದು ಗೊತ್ತಾದರೆ ದೋಣಿ ರಿಪೇರಿಯ ಅಂಗಳಗಳಲ್ಲಿ ಸಿಗುವ ಸಿದ್ಧ ಸಲಹೆ ಒಂದೇ: ತೂತು ಕೊರೆಯಿರಿ, ನೀರು ಬಸಿಯಿರಿ, ಎಪಾಕ್ಸಿ ಅಂಟುರಾಳ ತುಂಬಿ ಮುಚ್ಚಿರಿ. ತೂತು ಕೊರೆಯುವುದರಲ್ಲಿ ತಪ್ಪಿಲ್ಲ. ಬಸಿಯುವ ಕೆಲಸವನ್ನು ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಆ ಅರೆ ಕೆಲಸದ ಮೇಲೆ ಎಪಾಕ್ಸಿ ಸುರಿದರೆ ರಿಪೇರಿಯೇ ರೋಗವಾಗುತ್ತದೆ.

ಕೀಲ್ ಎಂದರೆ ದೋಣಿಯ ತಳದಿಂದ ನೀರಿನೊಳಕ್ಕೆ ಇಳಿದಿರುವ ಭಾಗ. ಗಾಳಿ ಹಾಯಿಯನ್ನು ಒಂದು ಬದಿಗೆ ಒತ್ತಿದಾಗ ದೋಣಿ ಮಗುಚದಂತೆ ಹಿಡಿಯುವುದು ಅದರಲ್ಲಿರುವ ಸೀಸ ಅಥವಾ ಕಬ್ಬಿಣದ ನಿಲುಭಾರ. 1960ರ ದಶಕದ ಹಲವು ದೋಣಿಗಳಲ್ಲಿ ಈ ಭಾರವನ್ನು ಬೋಲ್ಟ್ ಹಾಕಿ ಹೊರಗೆ ಬಿಗಿಯಲಿಲ್ಲ. ಟೊಳ್ಳಾದ ಫೈಬರ್‌ಗ್ಲಾಸ್ ಕೀಲ್‌ನ ಒಳಗಿಟ್ಟು ಮೇಲಿನಿಂದ ಮುಚ್ಚಿದರು. ಕಾರ್ಲ್ ಆಲ್ಬರ್ಗ್ ವಿನ್ಯಾಸ ಮಾಡಿದ, ಕೆನಡಾದ ಒಂಟಾರಿಯೊದಲ್ಲಿ ವಿಟ್ಬಿ ಬೋಟ್ ವರ್ಕ್ಸ್ ಕಟ್ಟಿದ ಆಲ್ಬರ್ಗ್ 30 ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು ನಾಲ್ಕು ಟನ್ ತೂಗುವ ಈ ದೋಣಿಯ ಕೀಲ್‌ನೊಳಗೆ ಸುಮಾರು ಒಂದೂವರೆ ಟನ್ ಕಬ್ಬಿಣವಿದೆ. ಕ್ವಿಬೆಕ್‌ನ ಈವ್ ಜೆಲಿನಾ ಇಂಥದೇ ದೋಣಿಯಲ್ಲಿ ಒಬ್ಬರೇ 1980ರ ದಶಕದ ಆರಂಭದಲ್ಲಿ ಜಗತ್ತು ಸುತ್ತಿ ಬಂದರು. ವಿನ್ಯಾಸದ ಗಟ್ಟಿತನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೋಲ್ಟ್ ಇಲ್ಲದ ಕಡೆ ಬೋಲ್ಟ್ ತುಕ್ಕು ಹಿಡಿಯುವ ಭಯವೂ ಇಲ್ಲ.

ಆದರೆ ಲೋಹದ ಗಟ್ಟಿ ಅಚ್ಚಿನೊಳಗೆ ಎಲ್ಲ ಕಡೆಯೂ ಬಿಗಿಯಾಗಿ ಕೂರುವುದಿಲ್ಲ. ಪಕ್ಕದಲ್ಲಿ ಸಂದು ಉಳಿಯುತ್ತದೆ. ತಳ ಬಂಡೆಗೆ ತಾಗಿ ಬಿರುಕು ಬಿಟ್ಟರೆ ನೀರು ಕೆಳಗಿನಿಂದ ಬರುತ್ತದೆ. ನಿಲುಭಾರದ ಮೇಲಿನ ಮುಚ್ಚಿಗೆ ಸೀಳಿದ್ದರೆ ದೋಣಿಯ ಒಳತಳದಲ್ಲಿ ನಿಂತ ನೀರು ಮೇಲಿನಿಂದ ಇಳಿಯುತ್ತದೆ. ಈ ಎರಡನೆಯ ದಾರಿಯನ್ನು ಹುಡುಕುವವರೇ ಕಡಿಮೆ. ಒಂಟಾರಿಯೊದ ಚಳಿಗಾಲದಲ್ಲಿ ಸಂದಿನ ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಹಿಗ್ಗುತ್ತದೆ, ಫೈಬರ್‌ಗ್ಲಾಸ್ ಗೋಡೆಯನ್ನು ಲೋಹದಿಂದ ದೂರ ತಳ್ಳುತ್ತದೆ. ಕಬ್ಬಿಣವಾದರೆ ತುಕ್ಕಿನ ಒತ್ತಡವೂ ಸೇರುತ್ತದೆ, ಏಕೆಂದರೆ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಸೀಸಕ್ಕೆ ಈ ಕಾಟವಿಲ್ಲ. ಹಾಗಾಗಿ ಎರಡಕ್ಕೂ ಒಂದೇ ಚಿಕಿತ್ಸೆ ಹೇಳುವುದು ಸರಿಯಲ್ಲ.

ರೋಗ ಗುರುತಿಸುವುದರಲ್ಲೂ ಅವಸರ ಕಾಣುತ್ತದೆ. ತೇವಮಾಪಕವನ್ನು ಕೀಲ್‌ಗೆ ಒತ್ತಿ, ಮುಳ್ಳು ಮೇಲೇರಿದ ಕೂಡಲೇ ನೀರಿದೆ ಎಂದು ತೀರ್ಪು ಕೊಡುತ್ತಾರೆ. ಹಿಂದಿರುವ ಲೋಹಕ್ಕೂ ಆ ಮುಳ್ಳು ಏರುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗೈ ಅಗಲಕ್ಕೊಂದು ಪೆಟ್ಟು ಹಾಕುತ್ತ ಹೋಗುವುದು ಹೆಚ್ಚು ನಂಬಿಕೆಯ ವಿಧಾನ. ಗಟ್ಟಿ ಜಾಗ ಚುರುಕಾಗಿ ಸದ್ದು ಮಾಡುತ್ತದೆ. ಪದರ ಬಿಟ್ಟ ಜಾಗ ಮಂದವಾಗಿ. ಆ ಗಡಿಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡರೆ ಎಲ್ಲಿ ಕೊರೆಯಬೇಕೆಂದು ಕಣ್ಣಿಗೇ ಕಾಣುತ್ತದೆ.

ತೀರ ಕೆಳಗಿನ ಬಿಂದುವಿನಲ್ಲಿ ಕೊರೆದಾಗ ಮೊದಲು ಧಾರೆಯಾಗಿ, ಆಮೇಲೆ ತೊಟ್ಟುತೊಟ್ಟಾಗಿ ಕಂದು ನೀರು ಇಳಿಯುತ್ತದೆ. ಹನಿ ನಿಂತರೆ ಒಣಗಿತು ಎಂದಲ್ಲ. ಸಂದಿನ ಮೈಗೆ ಅಂಟಿದ ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಸಿಹಿನೀರು ಹಾಯಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಮೇಲೊಂದು ತೂತು ಕೊರೆದು ಬೆಚ್ಚನೆಯ ಒಣ ಗಾಳಿ ಮೇಲಿಂದ ಕೆಳಕ್ಕೆ ಹರಿಯುವಂತೆ ಮಾಡಬೇಕು. ನಿರ್ವಾತ ಪಂಪ್ ಹಚ್ಚಿದರೆ ಒತ್ತಡ ಇಳಿದು ನೀರು ಬೇಗ ಆವಿಯಾಗುವುದು ನಿಜ. ಆದರೆ ಬಿರುಕು ಬಿಟ್ಟ ಕೀಲ್ ನಿರ್ವಾತವನ್ನು ಹಿಡಿದುಕೊಳ್ಳುವುದಿಲ್ಲ. ಪೂರ್ತಿ ಒಣಗಲು ವಾರಗಳು, ಎಷ್ಟೋ ಸಲ ಇಡೀ ಚಳಿಗಾಲವೇ ಬೇಕಾಗುತ್ತದೆ. ಅಂಗಳದ ಬಾಡಿಗೆ ಏರುತ್ತಿರುವಾಗ ತಾಳ್ಮೆ ಕಷ್ಟ ನಿಜ, ಆದರೆ ರಿಪೇರಿಯ ಅಸಲಿ ಭಾಗ ಇದೇ.

ಈ ತಾಳ್ಮೆ ಇಲ್ಲದೆ ಎಪಾಕ್ಸಿ ತುಂಬುವುದು ಒದ್ದೆ ಗೋಡೆಗೆ ಬಣ್ಣ ಬಳಿದಂತೆ. ಸಡಿಲ ತುಕ್ಕಿಗೆ ಅಂಟಿದ ಎಪಾಕ್ಸಿ ತುಕ್ಕಿನ ಜೊತೆಗೇ ಕಳಚಿಕೊಳ್ಳುತ್ತದೆ. ಅದು ತಲುಪದ ಮೂಲೆಗಳಲ್ಲಿ ನೀರು ಹಾಗೇ ಉಳಿಯುತ್ತದೆ, ಬಸಿದುಹೋಗಲು ಇದ್ದ ದಾರಿಯೂ ಮುಚ್ಚಿಹೋಗುತ್ತದೆ. ದೊಡ್ಡ ಸಂದಿಗೆ ಒಂದೇ ಸಲ ಸುರಿದರೆ ಗಟ್ಟಿಯಾಗುವಾಗ ಹುಟ್ಟುವ ಬಿಸಿ ಸುತ್ತಲಿನ ಪದರಗಳಿಗೆ ಪೆಟ್ಟು ಕೊಡಬಹುದು.

ಮುಟ್ಟದೆ ಬಿಡುವುದೇ ಲೇಸು ಎನ್ನುವವರ ವಾದದಲ್ಲೂ ಹುರುಳಿದೆ. ಗಾಳಿಯಾಡದ ನೀರಿನಲ್ಲಿ ಆಮ್ಲಜನಕ ತೀರಿದಂತೆ ತುಕ್ಕು ನಿಧಾನವಾಗುತ್ತದೆ. ನೀರು ಹೆಪ್ಪುಗಟ್ಟದ ಊರಿನಲ್ಲಿ, ಕೀಲ್‌ನ ಗೋಡೆ ಉಬ್ಬದಿದ್ದರೆ ಕಾಯಬಹುದು. ಹಿಮ ಬೀಳುವ ಕಡೆ ಈ ವಾದ ನಿಲ್ಲುವುದಿಲ್ಲ.

ನನ್ನ ತೀರ್ಪು ಇಷ್ಟು. ಸೀಸದ ಕೀಲ್ ಆದರೆ ಪೂರ್ತಿ ಒಣಗಿಸಿ, ಕಂತುಕಂತಾಗಿ ಎಪಾಕ್ಸಿ ತುಂಬಿ. ಕಬ್ಬಿಣದ್ದಾದರೆ ಮೊದಲು ಮೇಲಿನ ಮುಚ್ಚಿಗೆಯ ಸೀಳನ್ನೂ ತಳದ ಬಿರುಕನ್ನೂ ಸರಿಪಡಿಸಿ, ತುಂಬುವ ಆಸೆ ಬಿಟ್ಟು ಕೆಳಗೊಂದು ಬಿರಡೆ ಕೂರಿಸಿ. ಪ್ರತಿ ಸಲ ದೋಣಿ ದಡಕ್ಕೆ ಬಂದಾಗ ಅದನ್ನು ಬಿಚ್ಚಿ ನೋಡಿ. ನೀರು ಒಳಬರುವ ದಾರಿ ಸಿಗುವವರೆಗೂ ಎಪಾಕ್ಸಿ ಡಬ್ಬದ ಮುಚ್ಚಳ ತೆರೆಯಬೇಡಿ.