ಎರಡು ವಿದ್ಯೆ, ಒಂದು ಅರ್ಜಿ: ಸೆಟ್ಟೂರಿನಿಂದ ರಾಳ್ಳಪಲ್ಲಿಯವರನ್ನು ಓದುವುದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತುಗಳ ಪರಿಷ್ಕೃತ ಬರಹರೂಪ)

ದನಿ ಕೇಳಿಸ್ತಿದೆ ಅಂದ್ಕೋತೀನಿ. ನಾನಿರೋದು ಅನಂತಪುರ ಜಿಲ್ಲೆಯ ಸೆಟ್ಟೂರಿನಲ್ಲಿ, ಕಲ್ಯಾಣದುರ್ಗದ ಕಡೆ. ನೆಟ್‌ವರ್ಕ್ ಕೈಕೊಟ್ರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ನನ್ನ ಕನ್ನಡ ಎಂ.ಎ. ಮುಗಿಯುತ್ತಾ ಬಂತು. ನಮ್ಮ ಕಡೆ ಭಜನೆಯಲ್ಲಿ ಒಂದೇ ರಾತ್ರಿ ಕನ್ನಡದಲ್ಲೂ ತೆಲುಗಿನಲ್ಲೂ ಹಾಡುವ ತತ್ವಪದಗಳು, ಅವುಗಳ ಮಟ್ಟು, ಈ ಗಡಿಯ ಚರಿತ್ರೆ, ಇವು ನನ್ನ ಆಸಕ್ತಿಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿತವಳಿಗೆ ಇವು ಮೂರು ಬೇರೆ ಬೇರೆ ವಿಷಯಗಳು ಅಂತ ಗೊತ್ತಾದದ್ದೇ ಪಿಎಚ್.ಡಿ. ಅರ್ಜಿ ತುಂಬುವಾಗ. ಮೂರನ್ನೂ ಕೂಡಿಸುವ ಕೋರ್ಸ್ ಯಾವುದು ಅಂತ ಹುಡುಕ್ತಾ ಹಲವು ವಿಶ್ವವಿದ್ಯಾಲಯಗಳ ಮಾಹಿತಿ ಪುಸ್ತಿಕೆ ಓದಿದೆ.

ಈ ಪುಸ್ತಿಕೆಗಳನ್ನೂ ಪಠ್ಯವೆಂದು ವಿಮರ್ಶಿಸಬೇಕು. ನಾನು ನೋಡಿದವುಗಳಲ್ಲಿ ‘ಅಂತರ್‌ಶಿಸ್ತೀಯ’ ಎಂಬುದು ಬಹುಮಟ್ಟಿಗೆ ವಿಶೇಷಣವಾಗಿಯೇ ಉಳಿದಿದೆ. ವಿದ್ಯಾರ್ಥಿ ಯಾವ ಯಾವ ವಿಷಯ ಆರಿಸಿಕೊಳ್ಳಬಹುದು ಎಂಬ ಪಟ್ಟಿ ಉದ್ದವಾಗಿದೆ. ಕೋರ್ಸ್ ಮುಗಿದಾಗ ಅವಳಿಗೆ ಏನು ಮಾಡಲು ಬರುತ್ತದೆ, ಶಾಸನ ಓದಲು ಬರುತ್ತದೆಯೇ, ಹಾಡಿಗೆ ಸ್ವರಲಿಪಿ ಹಾಕಲು ಬರುತ್ತದೆಯೇ, ಎಂಬುದಕ್ಕೆ ಒಂದು ಸಾಲೂ ಇಲ್ಲ.

ಹೋಲಿಸಿ ನೋಡೋಕೆ ದೂರ ಹೋಗಬೇಕಿಲ್ಲ. ನಮ್ಮ ಕಲ್ಯಾಣದುರ್ಗ ಭಾಗದ್ದೇ ಕಂಬದೂರು ಮಂಡಲದ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದವರು ಅನಂತಕೃಷ್ಣ ಶರ್ಮರು. ಮೈಸೂರಿನ ಪರಕಾಲ ಮಠದಲ್ಲಿ ಸಂಸ್ಕೃತ, ಪ್ರಾಕೃತ ಓದಿದರು. ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತರು. 1912ರಲ್ಲಿ ಮಹಾರಾಜಾ ಕಾಲೇಜಿಗೆ ತೆಲುಗು ಪಂಡಿತರಾಗಿ ಸೇರಿ ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಕಲಿಸಿದರು. ಪ್ರಾಕೃತದ ಗಾಥಾಸಪ್ತಶತಿಯಿಂದ ಆಯ್ದು ತೆಲುಗಿಗೆ ತಂದರು, ಕನ್ನಡದಲ್ಲಿ ‘ಗಾನಕಲೆ’ ಬರೆದರು. 1974ರಲ್ಲಿ ಸಂಗೀತ ಕಲಾನಿಧಿ ಆದರು. ತೆಲುಗಿನವರು ಅವರನ್ನು ವಿಮರ್ಶಕರೆಂದೂ ಸಂಗೀತದವರು ವಾಗ್ಗೇಯಕಾರರೆಂದೂ ಕರೀತಾರೆ. ಕನ್ನಡ ತರಗತಿಯಲ್ಲಿ ಅವರ ಹೆಸರು ನಾನಂತೂ ಕೇಳಿಲ್ಲ.

ಅವರ ವಿದ್ಯೆಗಳೆಲ್ಲ ನಿಜವಾಗಿ ಕೂಡಿದ್ದು ಮೈಸೂರು ಬಿಟ್ಟ ಮೇಲೆ, ತಿರುಪತಿಯಲ್ಲಿ. ಅನ್ನಮಾಚಾರ್ಯರ ಸಂಕೀರ್ತನೆಗಳಿದ್ದ ತಾಮ್ರಪಟಗಳಲ್ಲಿ ಸಾಹಿತ್ಯವಿದೆ, ರಾಗದ ಹೆಸರಿದೆ, ಸ್ವರಲಿಪಿ ಇಲ್ಲ. ಹದಿನೈದನೇ ಶತಮಾನದ ತೆಲುಗು ಬಲ್ಲವರು ಅದನ್ನು ಓದಬಹುದು, ಹಾಡಲಾರರು. ಹಾಡಬಲ್ಲವರು ಪದ ಎಲ್ಲಿ ಒಡೆಯುತ್ತದೆ, ಪ್ರಾಸ ಎಲ್ಲಿ ಕೂಡುತ್ತದೆ ಎಂದು ತಿಳಿಯದೆ ತಪ್ಪಬಹುದು. ಶರ್ಮರು ಪಠ್ಯವನ್ನೂ ಸಂಪಾದಿಸಿದರು, ಎಷ್ಟೋ ಹಾಡುಗಳಿಗೆ ರಾಗ ಹೊಂದಿಸಿ ಸ್ವರಲಿಪಿಯನ್ನೂ ಕೊಟ್ಟರು. ಎರಡು ವಿದ್ಯೆಯನ್ನು ಕೂಡಿಸಿ ಅಂತ ಕೇಳಿದ್ದು ಆ ಪಟಗಳೇ. ಎರಡನ್ನೂ ಅವರು ಬೇರೆಬೇರೆಯಾಗಿ, ಪೂರ್ತಿಯಾಗಿ ಕಲಿತಿದ್ದರಿಂದ ಅದು ಸಾಧ್ಯವಾಯಿತು. ಇದರ ಸ್ವಲ್ಪ, ಅದರ ಸ್ವಲ್ಪ ಕಲಿತಿದ್ದರೆ ಆಗುತ್ತಿರಲಿಲ್ಲ.

ಇಲ್ಲಿ ನನ್ನನ್ನೇ ನಾನು ತಡೀಬೇಕು. ‘ನೋಡಿ, ಆಗ ಕೋರ್ಸೇ ಇರಲಿಲ್ಲ, ಆದರೂ ಎಂಥ ವಿದ್ವಾಂಸರಾದರು’ ಅನ್ನೋದು ಸುಲಭ. ಆದರೆ 1910ರ ಹೊತ್ತಿಗೆ ಸೆಟ್ಟೂರಿನ ನನ್ನಂಥ ಹುಡುಗಿಗೆ ಮಠದ ಬಾಗಿಲು ತೆರೀತಿತ್ತಾ? ಅರ್ಜಿ, ಪ್ರವೇಶ ಪರೀಕ್ಷೆ, ಫೆಲೋಶಿಪ್ ಎಲ್ಲ ಒಣ ವ್ಯವಸ್ಥೆ ಇರಬಹುದು. ನನಗಿರುವ ಬಾಗಿಲು ಅದೇ. ಕೋರ್ಸ್ ಬೇಡ ಅನ್ನೋ ಸೌಕರ್ಯ ನನಗಿಲ್ಲ. ಮಠ ಮತ್ತು ಬಿಡಾರಂ ಕೃಷ್ಣಪ್ಪನವರು ಸೇರಿ ಒಬ್ಬ ಹುಡುಗನಿಗೆ ಕೊಟ್ಟದ್ದನ್ನು ಕೋರ್ಸಿನಿಂದಲೇ ಕೇಳಬೇಕಾಗಿದೆ.

ಮನೆಯ ಲೆಕ್ಕವೂ ಇದೆ. ನೆಟ್ ಪರೀಕ್ಷೆ ವಿಷಯವಾರು ನಡೆಯುತ್ತೆ. ತೌಲನಿಕ ಸಾಹಿತ್ಯ, ಜನಪದ ಸಾಹಿತ್ಯ ಅದರ ಪಟ್ಟಿಯಲ್ಲಿವೆ ನಿಜ. ಆದರೆ ಡಿಗ್ರಿ ಕಾಲೇಜಿನವರು ಸಾಮಾನ್ಯವಾಗಿ ಕನ್ನಡಕ್ಕೆ, ತೆಲುಗಿಗೆ, ಇತಿಹಾಸಕ್ಕೆ ಹುದ್ದೆ ಕರೀತಾರೆ. ‘ಅದು ಓದಿದ್ರೆ ಯಾವ ಮೇಷ್ಟ್ರಾಗ್ತೀಯಮ್ಮ?’ ಅಂತ ಅಪ್ಪ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ನನಗೆ ಧೈರ್ಯ ಕೊಡೋದು ಇಲ್ಲೇ. ಅದು ಕನ್ನಡದ ಪಿಎಚ್.ಡಿ. ಪ್ರಬಂಧ. ಒಳಗಿರೋದು ಶಾಸನಶಾಸ್ತ್ರ, ಧರ್ಮ, ಸಮಾಜದ ಚರಿತ್ರೆ. ವಿಭಾಗದ ಫಲಕ ಬದಲಾಯಿಸದೆಯೇ ಕೆಲಸದ ಎಲ್ಲೆ ವಿಸ್ತರಿಸಿತು.

ಅರ್ಜಿ ಹಾಕುವ ಕಡೆಗಳಲ್ಲಿ ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯವೂ ಇದೆ, ಹೈದರಾಬಾದ್ ವಿಶ್ವವಿದ್ಯಾಲಯದ ತೌಲನಿಕ ಸಾಹಿತ್ಯ ಕೇಂದ್ರವೂ ಇದೆ, ಬರೀ ಕನ್ನಡ ವಿಭಾಗಗಳೂ ಇವೆ. ಕೋರ್ಸಿನ ಹೆಸರು ನೋಡಿ ಆರಿಸೋದು ಬಿಟ್ಟಿದ್ದೀನಿ. ಸಂದರ್ಶನದಲ್ಲಿ ಎರಡು ಪ್ರಶ್ನೆ ನಾನೇ ಕೇಳ್ತೀನಿ: ತತ್ವಪದದ ಮಟ್ಟನ್ನು ಬರೆದಿಡೋಕೆ ನನಗೆ ಕಲಿಸೋರು ಯಾರು? ಪ್ರಬಂಧವನ್ನು ಪರೀಕ್ಷಿಸುವವರಲ್ಲಿ ತೆಲುಗು ಓದಬಲ್ಲವರು ಒಬ್ಬರಾದರೂ ಇರ್ತಾರಾ? ಒಂದು ಕಡೆ ಇದನ್ನು ಫೋನಿನಲ್ಲಿ ಕೇಳಿದಾಗ, ‘ಅದನ್ನೆಲ್ಲ ಸೇರಿದ ಮೇಲೆ ನೋಡೋಣ’ ಅಂದರು. ಆ ಅರ್ಜಿ ಕಳಿಸಲಿಲ್ಲ.

ಇಲ್ಲಿಗೆ ನಿಲ್ಲಿಸ್ತೀನಿ. ಮೇಡಂ ಕೈ ಎತ್ತಿದ್ದಾರೆ. ಹೇಳಿ ಮೇಡಂ.